ಸರ್ವಿಸ್ ಆದ ಮೇಲೆ ಹತ್ತಿದ ದೀಪ: ಸೆನ್ಸರ್ ಬದಲಿಸುವ ಮೊದಲು ಮುಟ್ಟಿದ ಜಾಗ ನೋಡಿ



ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಿನ್ನೆ ಸಂಜೆ ಟೊಮೆಟೊಗೆ ಔಷಧಿ ಹೊಡೆದಿದ್ದೀರಿ. ಇವತ್ತು ಬೆಳಿಗ್ಗೆ ಹೋಗಿ ನೋಡಿದರೆ ಎಲೆಯ ಅಂಚು ಸುಟ್ಟಿದೆ. ಮೊದಲು ನಿಮ್ಮ ತಲೆಗೆ ಏನು ಬರುತ್ತೆ? ಹೊಸ ರೋಗ ಬಂತು ಅಂತಲಾ? ಇಲ್ಲ. ನಿನ್ನೆ ಡೋಸ್ ಜಾಸ್ತಿ ಆಯ್ತಾ, ಬಿಸಿಲಲ್ಲಿ ಹೊಡೆದೆವಾ, ಕಳೆನಾಶಕ ಕಲಸಿದ ಡ್ರಮ್ಮನ್ನೇ ಸರಿಯಾಗಿ ತೊಳೆಯದೆ ಬಳಸಿದೆವಾ ಅಂತ ಯೋಚಿಸ್ತೀರಿ. ನಿನ್ನೆ ಕೈ ಹಾಕಿದ್ದು ಎಲ್ಲಿ ಅಂತ ಮೊದಲು ನೋಡೋದು ರೈತನ ಬುದ್ಧಿ.

ಹೊಲದಲ್ಲಿ ಇಷ್ಟು ಲೆಕ್ಕ ಹಾಕುವ ನಾವು ಗಾಡಿ ವಿಷಯ ಬಂದಾಗ ಮಾತ್ರ ಬಾಯಿ ಮುಚ್ಚಿಕೊಂಡು ನಿಲ್ತೀವಿ. ಸರ್ವಿಸ್‌ಗೆ ಬಿಡುವಾಗ ಚೆನ್ನಾಗಿದ್ದ ಪಿಕಪ್ಪು, ವಾಪಸ್ ತಂದ ಮಾರನೇ ದಿನ ಡ್ಯಾಶ್‌ಬೋರ್ಡ್ ಮೇಲೆ ದೀಪ ಹತ್ತಿಸಿ ನಿಲ್ಲುತ್ತೆ. ವರ್ಕ್‌ಶಾಪ್‌ನವರು "ಸೆನ್ಸರ್ ಹೋಗಿದೆ" ಅಂದರೆ ನಾವು "ಹೌದಾ ಸಾರ್, ಎಷ್ಟಾಗುತ್ತೆ?" ಅಂತ ಜೇಬಿಗೆ ಕೈ ಹಾಕ್ತೀವಿ. ಈ ಅಭ್ಯಾಸ ಬಿಡಬೇಕು ಅನ್ನೋದೇ ಈ ವಾರದ ನನ್ನ ಮಾತು. ನಾನು ಮೆಕ್ಯಾನಿಕ್ ಅಲ್ಲ. ಮುಳಬಾಗಿಲು ಕಡೆಯ ಟೊಮೆಟೊ ಬೆಳೆಗಾರ. ಆದರೆ ಈ ಪಾಠಕ್ಕೆ ಫೀಸು ಕಟ್ಟಿದ್ದೀನಿ, ಅದೂ ಎರಡು ಸಲ.

90 ಬಾಕ್ಸ್ ಟೊಮೆಟೊ, ಒಂದು ಹಳದಿ ದೀಪ

ನನ್ನದು ಬಿಎಸ್-6 ಡೀಸೆಲ್ ಪಿಕಪ್ಪು. ಕೊಯ್ಲು ಜೋರಾಗಿದ್ದ ಸಮಯ. ಶನಿವಾರ ಸರ್ವಿಸ್‌ಗೆ ಬಿಟ್ಟೆ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಆಮೇಲೆ ವಾಟರ್ ಸರ್ವಿಸ್. ಸಂಜೆ 6 ಗಂಟೆಗೆ ಗಾಡಿ ಕೈಗೆ ಬಂತು. ಮನೆವರೆಗೆ ಏನೂ ತೊಂದರೆ ಇಲ್ಲ.

ಮಾರನೇ ದಿನ ನಸುಕಿನಲ್ಲಿ 15 ಕೆ.ಜಿ.ಯ 90 ಬಾಕ್ಸ್ ತುಂಬಿಕೊಂಡು ಕೋಲಾರ ಎಪಿಎಂಸಿಗೆ ಹೊರಟೆ. ನಮ್ಮೂರ ಕೆರೆ ಏರಿ ಮೇಲೆ ಗುಂಡಿ ಜಾಸ್ತಿ. ಅಲ್ಲಿ ಎರಡು ಸಲ ಎತ್ತಿ ಹಾಕಿದ್ದೇ ತಡ, ಇಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿತು. ಗಾಡಿಗೆ ಎಳೆತವೇ ಇಲ್ಲ. ಆಕ್ಸಿಲರೇಟರ್ ಪೂರ್ತಿ ತುಳಿದರೂ ಎತ್ತಿನ ಗಾಡಿ ಥರ ಹೋಗ್ತಿದೆ. ಹೈವೇ ಸೇರುವ ಏರಿನಲ್ಲಿ ಎರಡನೇ ಗೇರ್‌ನಲ್ಲೇ ಹತ್ತಿಸಿದೆ. ಮಂಡಿ ಮುಟ್ಟೋ ಹೊತ್ತಿಗೆ ಒಳ್ಳೇ ಹರಾಜು ಮುಗಿದಿತ್ತು. ಬಾಕ್ಸಿಗೆ 60 ರೂಪಾಯಿ ಕಡಿಮೆ ಸಿಕ್ಕಿತು. 90 ಬಾಕ್ಸಿಗೆ 5,400 ರೂಪಾಯಿ ಆ ದೀಪಕ್ಕೆ ಆಹುತಿ.

ಸೋಮವಾರ ವರ್ಕ್‌ಶಾಪ್‌ಗೆ ಹೋದೆ. ಸೂಪರ್‌ವೈಸರ್ ಸ್ಕ್ಯಾನರ್ ಹಾಕಿ ನೋಡಿ, "ಏರ್ ಫ್ಲೋ ಸೆನ್ಸರ್ ಹೋಗಿದೆ. ಪಾರ್ಟು, ಲೇಬರ್ ಸೇರಿ 9 ಸಾವಿರದ ಹತ್ತಿರ ಆಗುತ್ತೆ. ಸ್ಟಾಕ್ ಇಲ್ಲ, ಎರಡು ದಿನ ಬಿಡಿ" ಅಂದರು.

"ಮೊನ್ನೆ ತಾನೇ ಸರ್ವಿಸ್ ಮಾಡಿದ್ದೀರಲ್ಲ ಸಾರ್, ಆಗ ಸರಿಯಿತ್ತಲ್ಲ?"

"ಎಲೆಕ್ಟ್ರಾನಿಕ್ ಐಟಂ ಅಲ್ವಾ ಅಣ್ಣ, ಯಾವಾಗ ಹೋಗುತ್ತೆ ಅಂತ ಹೇಳಕ್ಕಾಗಲ್ಲ. ಸರ್ವಿಸ್‌ಗೂ ಇದಕ್ಕೂ ಸಂಬಂಧ ಇಲ್ಲ."

ನಾನು ಒಪ್ಪಿಕೊಂಡೆ. ನಿಜ ಹೇಳಬೇಕು ಅಂದರೆ ಹೆದರಿದೆ. ಸೆನ್ಸರ್, ಇಸಿಯು ಅಂತ ಅವರು ಮಾತಾಡುವಾಗ ನಮ್ಮ ಬಾಯಿ ತಾನಾಗಿ ಕಟ್ಟಿಹೋಗುತ್ತೆ. ಮಂಗಳವಾರ ಒಂದು ಕೊಯ್ಲು ಇದೆ, ಅದು ಮುಗಿಸಿ ಬಿಡ್ತೀನಿ ಅಂತ ಹೇಳಿ ಮನೆಗೆ ಬಂದೆ.

ಕೋಲಾರದಲ್ಲಿ ಮೈನಸ್ 40 ಡಿಗ್ರಿ

ಸಂಜೆ ಅಕ್ಕನ ಮಗ ಮನೆಗೆ ಬಂದಿದ್ದ. ಡಿಪ್ಲೊಮಾ ಓದ್ತಾ ಇದ್ದಾನೆ. ವಿಷಯ ಕೇಳಿ, "ಮಾವ, ಒಂದ್ನಿಮಿಷ ಇರಿ" ಅಂತ ಬೈಕಿನ ಬಾಕ್ಸ್‌ನಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿ ತಂದ. ಬ್ಲೂಟೂತ್ ಒಬಿಡಿ ರೀಡರ್. ಆನ್‌ಲೈನ್‌ನಲ್ಲಿ 800 ರೂಪಾಯಿಗೆ ತಗೊಂಡಿದ್ದನಂತೆ. ಸ್ಟೀರಿಂಗ್ ಕೆಳಗೆ ಇರುವ 16 ಪಿನ್ನಿನ ಸಾಕೆಟ್‌ಗೆ ಸಿಕ್ಕಿಸಿ, ಮೊಬೈಲ್‌ನಲ್ಲಿ ಆ್ಯಪ್ ತೆರೆದ.

ಎರಡು ಕೋಡ್ ಬಂತು. ಒಂದು ಪಿ0102, ಅಂದರೆ ಗಾಳಿ ಅಳೆಯುವ ಸೆನ್ಸರ್‌ನ ಸಿಗ್ನಲ್ ಕಡಿಮೆ. ಇನ್ನೊಂದು ಪಿ0113, ಅಂದರೆ ಒಳಗೆ ಹೋಗುವ ಗಾಳಿಯ ಬಿಸಿ ಅಳೆಯುವ ಸೆನ್ಸರ್‌ನ ಸಿಗ್ನಲ್ ಹೆಚ್ಚು. ಆಮೇಲೆ ಲೈವ್ ಡೇಟಾ ತೋರಿಸಿ ನಗೋಕೆ ಶುರು ಮಾಡಿದ. "ಮಾವ, ನಿಮ್ಮ ಗಾಡಿ ಪ್ರಕಾರ ಈಗ ಹೊರಗಿನ ಗಾಳಿ ಮೈನಸ್ 40 ಡಿಗ್ರಿ. ನಾವು ಕೋಲಾರ ಜಿಲ್ಲೆಯಲ್ಲಿದ್ದೀವಾ, ಹಿಮಾಲಯದಲ್ಲಿದ್ದೀವಾ?"

ಅವನು ಹೇಳಿದ ಲೆಕ್ಕ ಸರಳ. ನಮ್ಮ ಗಾಡಿಯಲ್ಲಿ ಗಾಳಿ ಅಳೆಯೋದು, ಗಾಳಿಯ ಬಿಸಿ ಅಳೆಯೋದು ಎರಡೂ ಒಂದೇ ಸೆನ್ಸರ್ ಒಳಗೆ ಇವೆ. ಎರಡಕ್ಕೂ ಒಂದೇ ಕಪ್ಲರ್. ಬಿಸಿ ಅಳೆಯುವ ವೈರ್ ಎಲ್ಲಾದರೂ ಬಿಟ್ಟುಹೋದರೆ ಕಂಪ್ಯೂಟರ್ ಅದನ್ನು ವಿಪರೀತ ಚಳಿ ಅಂತ ಓದುತ್ತೆ, ಮೈನಸ್ 40 ತೋರಿಸುತ್ತೆ. ಎರಡು ಬೇರೆ ಬೇರೆ ಅಳತೆ ಒಂದೇ ಸಲಕ್ಕೆ ಕೆಟ್ಟರೆ, ಒಳಗಿನ ಎರಡೂ ಭಾಗ ಒಂದೇ ಗಳಿಗೆಯಲ್ಲಿ ಸತ್ತವು ಅನ್ನೋದಕ್ಕಿಂತ ಎರಡಕ್ಕೂ ಸೇರಿದ ಕಪ್ಲರ್ ಕಳಚಿದೆ ಅನ್ನೋದೇ ನಂಬುವ ಮಾತು. ಆ ಕಪ್ಲರ್ ಎಲ್ಲಿದೆ? ಏರ್ ಫಿಲ್ಟರ್ ಡಬ್ಬಿಯ ಪಕ್ಕದಲ್ಲೇ. ಶನಿವಾರ ಬಿಚ್ಚಿದ್ದು ಯಾವುದು? ಅದೇ ಏರ್ ಫಿಲ್ಟರ್.

ಬಾನೆಟ್ ಎತ್ತಿ ಟಾರ್ಚ್ ಹಾಕಿದೆವು. ಕಪ್ಲರ್ ನೋಡೋಕೆ ಕೂತಿರುವ ಹಾಗೇ ಇದೆ. ಆದರೆ ಲಾಕ್ ಬಿದ್ದಿಲ್ಲ. ಬೆರಳಲ್ಲಿ ಒತ್ತಿದ, "ಟಕ್" ಅಂತ ಸದ್ದು ಬಂತು. ಕೋಡ್‌ಗಳ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟಿದ್ದ, ಆಮೇಲೆ ಅಳಿಸಿದ. ದೀಪ ಆರಿತು. ಮಂಗಳವಾರ ಅದೇ ಕೆರೆ ಏರಿ ಮೇಲೆ ಅಷ್ಟೇ ಲೋಡ್ ಹಾಕಿಕೊಂಡು ಹೋದೆ, ಗಾಡಿ ಮೊದಲಿನ ಹಾಗೇ ಎಳೆಯಿತು.

ವರ್ಕ್‌ಶಾಪ್‌ನಿಂದ ಮನೆವರೆಗೆ ಯಾಕೆ ದೀಪ ಬರಲಿಲ್ಲ ಅಂತ ನೀವು ಕೇಳಬಹುದು. ಅರ್ಧ ಕೂತ ಕಪ್ಲರ್ ಒಳ್ಳೇ ರಸ್ತೆಯಲ್ಲಿ ಕೆಲಸ ಮಾಡ್ತಾನೇ ಇರುತ್ತೆ. ಗುಂಡಿ ಬಂದಾಗ, ಲೋಡಿನಲ್ಲಿ ಇಂಜಿನ್ ಅಲುಗಾಡಿದಾಗ ಕೈ ಬಿಡುತ್ತೆ. ಅದಕ್ಕೇ ಇಂಥ ತೊಂದರೆಗಳು ಮಾರನೇ ದಿನವೋ, ನಾಲ್ಕು ದಿನ ಬಿಟ್ಟೋ ಕಾಣಿಸಿಕೊಳ್ತವೆ. "ನಮ್ಮ ಹತ್ತಿರ ಇದ್ದಾಗ ಸರಿಯಿತ್ತು" ಅನ್ನೋದು ಸುಳ್ಳಲ್ಲ. ಆದರೆ ಕೆಲಸ ಸರಿಯಾಗಿ ಆಗಿತ್ತು ಅನ್ನೋದಕ್ಕೆ ಅದು ಸಾಕ್ಷಿಯೂ ಅಲ್ಲ.

ನನ್ನ ತಕರಾರು ಏನು?

ಕಪ್ಲರ್ ಸರಿಯಾಗಿ ಕೂರಿಸದೇ ಇದ್ದದ್ದು ದೊಡ್ಡ ಅಪರಾಧ ಅಂತ ನಾನು ಹೇಳಲ್ಲ. ದಿನಕ್ಕೆ ಹತ್ತಾರು ಗಾಡಿ ನೋಡುವ ಹುಡುಗ, ಅವತ್ತು ಸಂಜೆ ನಾನೇ "ಬೇಗ ಕೊಡಪ್ಪ, ನಾಳೆ ಮಂಡಿಗೆ ಹೋಗಬೇಕು" ಅಂತ ಮೂರು ಸಲ ತಲೆ ತಿಂದಿದ್ದೆ. ಕೈತಪ್ಪು ಯಾರಿಗೂ ಆಗುತ್ತೆ.

ನನ್ನ ತಕರಾರು ಇರೋದು ಸೋಮವಾರದ ಮಾತಿನ ಮೇಲೆ. ಸ್ಕ್ಯಾನರ್ "ಸಿಗ್ನಲ್ ಕಡಿಮೆ" ಅಂತ ಹೇಳಿತ್ತು, "ಸೆನ್ಸರ್ ಸತ್ತಿದೆ" ಅಂತ ಹೇಳಿರಲಿಲ್ಲ. ಈ ವ್ಯತ್ಯಾಸ ಎಲ್ಲರೂ ತಿಳ್ಕೋಬೇಕು. ಕೋಡ್ ಅನ್ನೋದು ಯಾವ ದಾರಿಯಲ್ಲಿ ತೊಂದರೆ ಇದೆ ಅಂತ ತೋರಿಸುವ ಕೈಮರ. ಆ ದಾರಿಯಲ್ಲಿ ಸೆನ್ಸರ್ ಇದೆ, ಕಪ್ಲರ್ ಇದೆ, ವೈರ್ ಇದೆ, ಅರ್ತ್ ಇದೆ, ಫ್ಯೂಸ್ ಇದೆ, ಕೊನೆಗೆ ಕಂಪ್ಯೂಟರ್ ಇದೆ. ಇವುಗಳಲ್ಲಿ ಕಪ್ಲರ್ ಒತ್ತಿ ನೋಡೋಕೆ ದುಡ್ಡು ಬೇಡ. ಬ್ಯಾಟರಿ ಟರ್ಮಿನಲ್ ಅಲ್ಲಾಡಿಸಿ ನೋಡೋಕೂ ದುಡ್ಡು ಬೇಡ. ಫ್ಯೂಸ್‌ಗೆ ಹತ್ತಿಪ್ಪತ್ತು ರೂಪಾಯಿ. ಸೆನ್ಸರ್‌ಗೆ ಸಾವಿರಾರು. ಪರೀಕ್ಷೆ ಅಗ್ಗದ್ದರಿಂದ ಶುರುವಾಗಿ ದುಬಾರಿಯದಕ್ಕೆ ಹೋಗಬೇಕು. ಸರ್ವಿಸ್ ಆದ ತಕ್ಷಣ ಬಂದ ತೊಂದರೆಯಲ್ಲಂತೂ ಅವತ್ತು ಕೈ ಹಾಕಿದ ಜಾಗದಿಂದಲೇ ಶುರುವಾಗಬೇಕು.

ಸರ್ವಿಸ್ ಆದ ಮಾರನೇ ದಿನವೇ ಸೆನ್ಸರ್ ತಾನಾಗಿ ಸಾಯಬಾರದು ಅಂತೇನಿಲ್ಲ, ಸಾಯಬಹುದು. ಆದರೆ ಅದು ಕೊನೆಯಲ್ಲಿ ಹೇಳಬೇಕಾದ ಮಾತು, ಮೊದಲ ಮಾತಲ್ಲ.

ಮಂಗಳವಾರ ಸ್ಕ್ರೀನ್‌ಶಾಟ್ ಹಿಡಿದು ವರ್ಕ್‌ಶಾಪ್‌ಗೆ ಹೋದೆ. ಜಗಳ ಮಾಡಲಿಲ್ಲ. ಸೂಪರ್‌ವೈಸರ್ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರಿ ಅಣ್ಣ, ನಾವೇ ನೋಡಬೇಕಿತ್ತು" ಅಂದರು. ಮುಂದಿನ ಸರ್ವಿಸ್‌ಗೆ ಲೇಬರ್ ಬಿಟ್ಟರು. ನನ್ನ 5,400 ವಾಪಸ್ ಬರಲಿಲ್ಲ, ಆದರೆ 9 ಸಾವಿರ ಉಳಿಯಿತು.

ಯಾವ ಕೆಲಸ ಮಾಡಿದರೆ ಯಾವ ದೀಪ?

ಆಮೇಲೆ ಅಳಿಯನ ಜೊತೆ, ಒಬ್ಬಿಬ್ಬರು ಅನುಭವಸ್ಥ ಆಟೋ ಎಲೆಕ್ಟ್ರೀಷಿಯನ್‌ಗಳ ಜೊತೆ ಕೂತು ಒಂದು ಪಟ್ಟಿ ಮಾಡ್ಕೊಂಡೆ. ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ.

1. ಏರ್ ಫಿಲ್ಟರ್ ಬದಲಿಸಿದ ಮೇಲೆ ಇಂಜಿನ್ ದೀಪ ಬಂದು ಎಳೆತ ಕಡಿಮೆಯಾದರೆ: ಗಾಳಿ ಸೆನ್ಸರ್‌ನ ಕಪ್ಲರ್, ಫಿಲ್ಟರ್ ಡಬ್ಬಿಯ ಕ್ಲಿಪ್, ಅದರಿಂದ ಹೊರಡುವ ರಬ್ಬರ್ ಪೈಪಿನ ಕ್ಲ್ಯಾಂಪ್ ನೋಡಿ.

2. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಒಂದೇ ಸಲಕ್ಕೆ ನಾಲ್ಕೈದು ದೀಪ ಬಂದರೆ: ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಸಾಯಲ್ಲ. ಹೆಚ್ಚಾಗಿ ಟರ್ಮಿನಲ್ ಸಡಿಲ, ಅರ್ತ್ ವೈರ್ ಸಡಿಲ, ಇಲ್ಲ ಬ್ಯಾಟರಿ ವೀಕು. ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಸಾಕು. ಗಾಡಿ ನಿಂತಿದ್ದಾಗ ಒಳ್ಳೇ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತೆ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರ ಒಳಗೆ ಇರುತ್ತೆ.

3. ಅದೇ ಬ್ಯಾಟರಿ ಬಿಚ್ಚಿದ ಮೇಲೆ ಗಡಿಯಾರ ಸೊನ್ನೆಗೆ ಬಂದಿದೆ, ಕಿಟಕಿ ಒಂದೇ ಒತ್ತಿಗೆ ಪೂರ್ತಿ ಏರ್ತಿಲ್ಲ, ಐಡಲ್ ಸ್ವಲ್ಪ ಏರುಪೇರು ಇದೆ ಅಂದರೆ ಗಾಬರಿ ಬೇಡ. ಗಾಡಿ ಮರೆತದ್ದನ್ನು ಮತ್ತೆ ಕಲಿತುಕೊಳ್ತಾ ಇದೆ ಅಷ್ಟೇ. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಅಥವಾ ಇಎಸ್‌ಪಿ ದೀಪ ಬಂದು, ಸ್ವಲ್ಪ ದೂರ ಓಡಿಸಿದ ಮೇಲೆ ಆರುತ್ತೆ. ಓನರ್ ಮ್ಯಾನ್ಯುಯಲ್‌ನಲ್ಲಿ ಬರೆದಿರ್ತಾರೆ.

4. ಬ್ರೇಕ್ ಪ್ಯಾಡ್ ಅಥವಾ ವೀಲ್ ಬೇರಿಂಗ್ ಕೆಲಸ ಆದ ಮೇಲೆ ಎಬಿಎಸ್ ದೀಪ ಬಂದರೆ: ಬಿಚ್ಚಿದ ಚಕ್ರದ ಹತ್ತಿರ ಇರುವ ಸ್ಪೀಡ್ ಸೆನ್ಸರ್ ವೈರ್, ಅದರ ಕಪ್ಲರ್ ನೋಡಿಸಿ.

5. ಸೀಟ್ ಬಿಚ್ಚಿ ಒಳಗೆ ತೊಳೆಸಿದ ಮೇಲೆ ಏರ್‌ಬ್ಯಾಗ್ ದೀಪ ಬಂದರೆ: ಸೀಟಿನ ಕೆಳಗಿನ ಕಪ್ಲರ್ ಸರಿಯಾಗಿ ಕೂತಿರಲ್ಲ. ಆದರೆ ಇದನ್ನು ನೀವು ಮುಟ್ಟಬೇಡಿ. ಏರ್‌ಬ್ಯಾಗ್ ಕಪ್ಲರ್‌ಗಳು ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿರ್ತವೆ. ಅದಕ್ಕೆ ಮಲ್ಟಿಮೀಟರ್ ಹಿಡಿಯೋದು ಅಪಾಯ. ಅವರಿಂದಲೇ ಮಾಡಿಸಿ.

6. ವಾಟರ್ ಸರ್ವಿಸ್ ಆದ ಮೇಲೆ ಏನೇನೋ ದೀಪ, ಹಾರ್ನ್ ತೊಂದರೆ, ಮಿಸ್ಸಿಂಗ್ ಬಂದರೆ: ಪ್ರೆಷರ್ ನೀರು ಕಪ್ಲರ್ ಒಳಗೆ ಹೋಗಿರಬಹುದು. ನಾವೂ ಕೆಸರು ಅಂತ ಬಾನೆಟ್ ಎತ್ತಿ ಇಂಜಿನ್ ಮೇಲೆ ಪೈಪ್ ಬಿಡ್ತೀವಲ್ಲ, ಅದು ಹಳೇ ಟ್ರ್ಯಾಕ್ಟರ್ ಕಾಲದ ಅಭ್ಯಾಸ. ಈಗಿನ ಗಾಡಿಗೆ ಬೇಡ. ಬಟ್ಟೆಯಲ್ಲಿ ಒರೆಸಿ.

7. ಸ್ಪ್ಯಾನರ್ ಚಿಹ್ನೆ ಮಾತ್ರ ಬಂದಿದ್ದರೆ: ಬಹಳ ಗಾಡಿಗಳಲ್ಲಿ ಅದು ಸರ್ವಿಸ್ ನೆನಪಿಸುವ ದೀಪ. ರೀಸೆಟ್ ಮಾಡೋದು ಮರೆತಿರ್ತಾರೆ.

ಇದರ ಜೊತೆ ಒಂದು ಎಚ್ಚರಿಕೆ. ಕೆಂಪು ದೀಪಗಳ ವಿಷಯದಲ್ಲಿ ಯಾವ ಲೆಕ್ಕಾಚಾರವೂ ಬೇಡ. ಆಯಿಲ್ ಪ್ರೆಷರ್, ಇಂಜಿನ್ ಬಿಸಿ, ಬ್ರೇಕ್ ಈ ಮೂರರಲ್ಲಿ ಯಾವುದೇ ಕೆಂಪು ದೀಪ ಬಂದರೆ ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಫೋನ್ ಮಾಡಿ. ಪೆಟ್ರೋಲ್ ಗಾಡಿಯಲ್ಲಿ ಇಂಜಿನ್ ದೀಪ ಮಿಣುಕ್ತಾ ಇದ್ದರೆ ಅದು ಮಿಸ್ಫೈರ್. ಹಾಗೇ ಓಡಿಸಿದರೆ ಸೈಲೆನ್ಸರ್‌ನಲ್ಲಿರುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತೆ. ಮಂಡಿಗಿಂತ ಪ್ರಾಣ, ಇಂಜಿನ್ ದೊಡ್ಡವು.

ಮೊಬೈಲೇ ನಿಮ್ಮ ತಕ್ಕಡಿ

ಮಂಡಿಯಲ್ಲಿ ತೂಕ ಹಾಕುವಾಗ ನಾವು ಮುಳ್ಳು ನೋಡದೆ ಇರ್ತೀವಾ? ಗಾಡಿ ಕೊಡುವಾಗ, ತಗೊಳ್ಳುವಾಗ ಕೂಡ ಹಾಗೇ ನೋಡಬೇಕು. ಅದಕ್ಕೆ ನಿಮ್ಮ ಜೇಬಿನಲ್ಲಿರುವ ಫೋನೇ ಸಾಕು. ನಾನು ಈಗ ಮಾಡೋದು ಇಷ್ಟು:

ಗಾಡಿ ಬಿಡುವ ಮುಂಚೆ ಕೀ ಆನ್ ಮಾಡಿ ಡ್ಯಾಶ್‌ಬೋರ್ಡ್ ವಿಡಿಯೊ. ಎಲ್ಲ ದೀಪ ಹತ್ತಿ, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರೋದು ಕಾಣಬೇಕು. ಕಿಲೋಮೀಟರ್ ಕಾಣಬೇಕು. ಅರ್ಧ ನಿಮಿಷದ ಕೆಲಸ.

ಜಾಬ್ ಕಾರ್ಡ್‌ನಲ್ಲಿ ಏನು ಬರೆದಿದ್ದಾರೆ ಅಂತ ಓದಿ, ಫೋಟೊ ತೆಗೆಯೋದು. "ಜನರಲ್ ಚೆಕಪ್" ಅಂತ ಬರೆದು ಸಹಿ ಹಾಕಿಸಿಕೊಂಡರೆ ಏನು ಬಿಚ್ಚಿದರು ಅಂತ ನಿಮಗೆ ಗೊತ್ತಾಗಲ್ಲ. ಏನೇನು ಬದಲಿಸ್ತಾರೆ ಅನ್ನೋದು ಒಂದೊಂದಾಗಿ ಇರಬೇಕು.

ವಾಪಸ್ ತಗೊಳ್ಳುವಾಗ ಮತ್ತೆ ಅದೇ ವಿಡಿಯೊ. ಆಮೇಲೆ ಮೆಕ್ಯಾನಿಕ್‌ನನ್ನು ಪಕ್ಕ ಕೂರಿಸಿಕೊಂಡು ಎರಡು ಕಿಲೋಮೀಟರ್ ಟ್ರಯಲ್, ಒಂದಿಷ್ಟು ಗುಂಡಿ ಇರುವ ರಸ್ತೆಯಲ್ಲಿ. ಬಿಲ್ ಕಟ್ಟೋದು ಅದಾದ ಮೇಲೆ.

ತೊಂದರೆ ಬಂದರೆ ದೀಪದ ಫೋಟೊ, ಟೈಮು, ಎಷ್ಟು ಲೋಡಿತ್ತು, ಏರಿನಲ್ಲಾ ಸಮದಲ್ಲಾ ಅಂತ ಎರಡು ಸಾಲು ಬರೆದು ಅವತ್ತೇ ವರ್ಕ್‌ಶಾಪ್‌ಗೆ ವಾಟ್ಸಾಪ್ ಮಾಡೋದು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ, ಮೆಸೇಜಿನಲ್ಲಿ ತಾರೀಖು ಉಳಿಯುತ್ತೆ.

ಒಬಿಡಿ ರೀಡರ್ ಬೇಕೇ ಬೇಕಾ? ಊರಿಗೊಂದು ಇದ್ದರೂ ಸಾಕು, ನಾಲ್ಕು ಜನ ಸೇರಿ ತಗೊಳ್ಳಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಿಗೆ, ಅದಕ್ಕೂ ಹಿಂದಿನ ಬಹಳಷ್ಟು ಬಿಎಸ್-4 ಗಾಡಿಗಳಿಗೆ ಅದು ಕೆಲಸ ಮಾಡುತ್ತೆ. ಅಗ್ಗದ ರೀಡರ್ ಇಂಜಿನ್ ಕೋಡ್ ಓದುತ್ತೆ. ಎಬಿಎಸ್, ಏರ್‌ಬ್ಯಾಗ್ ಕೋಡ್ ಓದೋಕೆ ಹೆಚ್ಚಾಗಿ ವರ್ಕ್‌ಶಾಪ್ ಸ್ಕ್ಯಾನರ್ರೇ ಬೇಕು. ಕೋಡ್ ಸಿಕ್ಕ ತಕ್ಷಣ ಅಳಿಸಬೇಡಿ. ಕೋಡ್ ಬಿದ್ದ ಗಳಿಗೆಯಲ್ಲಿ ಇಂಜಿನ್ ವೇಗ ಎಷ್ಟಿತ್ತು, ಬಿಸಿ ಎಷ್ಟಿತ್ತು ಅಂತ ಗಾಡಿ ಬರೆದಿಟ್ಟಿರುತ್ತೆ. ಅದಕ್ಕೆ ಫ್ರೀಜ್ ಫ್ರೇಮ್ ಅಂತಾರೆ. ಅಳಿಸಿದರೆ ಅದೂ ಹೋಗುತ್ತೆ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಮಿಕ್ಕಿದ್ದು. ಕೆಲಸ ಮುಗಿದ ಮೇಲೆ ರೀಡರ್ ಕಿತ್ತಿಡಿ, ಇಲ್ಲಾಂದರೆ ರಾತ್ರಿಯೆಲ್ಲ ಬ್ಯಾಟರಿ ಕುಡಿಯುತ್ತೆ.

ಎರಡನೇ ಫೀಸು: ಈ ಸಲ ತಪ್ಪು ನನ್ನದು

ಇಲ್ಲಿಗೆ ನಿಲ್ಲಿಸಿದರೆ ವರ್ಕ್‌ಶಾಪ್‌ನವರೇ ಕಳ್ಳರು, ನಾವು ಸಾಚಾ ಅನ್ನೋ ಹಾಗಾಗುತ್ತೆ. ಆದ್ದರಿಂದ ಎರಡನೇ ಕಥೆಯನ್ನೂ ಹೇಳಲೇಬೇಕು.

ನಾಲ್ಕು ತಿಂಗಳ ನಂತರ ಮತ್ತೆ ಆಯಿಲ್ ಚೇಂಜ್ ಮಾಡಿಸಿದೆ. ಎರಡು ದಿನ ಗಾಡಿ ಶೆಡ್‌ನಲ್ಲೇ ಇತ್ತು. ಮೂರನೇ ದಿನ ಬೆಳಿಗ್ಗೆ ಇಂಜಿನ್ ದೀಪ, ಸ್ಟಾರ್ಟಿಂಗ್ ಟ್ರಬಲ್ ಎರಡೂ. ಮೊದಲ ಸಲ ಗೆದ್ದ ಅಮಲು ತಲೆಗೇರಿತ್ತು. ಮೆಕ್ಯಾನಿಕ್ ಹುಡುಗನಿಗೆ ನೇರ ಫೋನ್ ಮಾಡಿ, "ಏನಯ್ಯಾ, ಪ್ರತಿ ಸಲ ಏನಾದರೂ ಕಿತ್ತಾಕೇ ಕಳಿಸ್ತೀಯಾ?" ಅಂತ ಬಾಯಿಗೆ ಬಂದ ಹಾಗೆ ಬೈದೆ. ಬಾನೆಟ್ ಕೂಡ ಎತ್ತಿ ನೋಡಿರಲಿಲ್ಲ. ನನ್ನ ಹೆಂಡತಿ, "ರೀ, ಮೊದಲು ನೋಡಿ ಆಮೇಲೆ ಬೈಯಿರಿ" ಅಂದಳು. ಕೇಳಲಿಲ್ಲ.

ಹುಡುಗ ಬೈಕ್ ತಗೊಂಡು ಮನೆಗೇ ಬಂದ. ಬಾನೆಟ್ ಎತ್ತಿದ. ಇಂಜಿನ್ ಕವರ್ ಮೇಲೆ ಕಡಲೆಕಾಯಿ ಸಿಪ್ಪೆ ಗುಡ್ಡೆ! ಶೆಡ್‌ನಲ್ಲಿ ಗಾಡಿ ಪಕ್ಕದಲ್ಲೇ ನಾನು ಕಡಲೆಕಾಯಿ ಮೂಟೆ ಇಟ್ಟಿದ್ದೆ. ಇಲಿ ಮೂಟೆಯಿಂದ ಕಾಯಿ ಎಳೆದು ತಂದು, ಬೆಚ್ಚಗಿದ್ದ ಇಂಜಿನ್ ಮೇಲೆ ಕೂತು ತಿಂದು, ಪಕ್ಕದಲ್ಲಿದ್ದ ಎರಡು ವೈರನ್ನೂ ಕಡಿದಿತ್ತು. ಆಯಿಲ್ ಫಿಲ್ಟರ್ ಒಂದು ಕಡೆ, ಆ ವೈರ್ ಇನ್ನೊಂದು ಕಡೆ. ಅವನ ಕೈ ಆ ಜಾಗಕ್ಕೆ ಹೋಗೇ ಇರಲಿಲ್ಲ.

"ಅಣ್ಣಾ, ಇದು ನಾನು ಮಾಡಿದ್ದಲ್ಲ" ಅಂದ, ಅಷ್ಟೇ. ವೈರ್ ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ ಬಿಸಿ ಮಾಡಿ ಕೂರಿಸಿದ. 300 ರೂಪಾಯಿ ತಗೊಂಡ. ನಾನು ಅವನ ಕೈ ಹಿಡಿದು ಕ್ಷಮೆ ಕೇಳಿದೆ. ನನ್ನ ತಮ್ಮನ ವಯಸ್ಸಿಗಿಂತ ಚಿಕ್ಕವನು. ಅವತ್ತು ನನಗಾದ ನಾಚಿಕೆ 5,400 ರೂಪಾಯಿ ನಷ್ಟಕ್ಕಿಂತ ದೊಡ್ಡದು.

ಮೊದಲ ಸಲ ಸೂಪರ್‌ವೈಸರ್ ಮಾಡಿದ ತಪ್ಪನ್ನೇ ಎರಡನೇ ಸಲ ನಾನು ಮಾಡಿದ್ದೆ. ಅವರು ನೋಡದೆ ಸೆನ್ಸರ್ ಮೇಲೆ ಹಾಕಿದರು, ನಾನು ನೋಡದೆ ಹುಡುಗನ ಮೇಲೆ ಹಾಕಿದೆ. "ಮುಟ್ಟಿದ ಜಾಗ ನೋಡು" ಅನ್ನೋ ನಿಯಮ ಎರಡೂ ಕಡೆ ಹರಿತವಾದ ಕುಡುಗೋಲು. ತೊಂದರೆ ಅವರು ಮುಟ್ಟಿದ ಜಾಗದಲ್ಲಿ ಇದ್ದರೆ ಅವರ ಜವಾಬ್ದಾರಿ, ಇಲ್ಲದಿದ್ದರೆ ನಮ್ಮದು. ಸರ್ವಿಸ್ ಆದ ಮೇಲೆ ನಾವೇ ಏನೇನು ಮಾಡಿದೆವು ಅನ್ನೋದನ್ನೂ ಪಟ್ಟಿಗೆ ಸೇರಿಸಬೇಕು.

ನಾವು ಮಾಡುವ ಕಿತಾಪತಿಗಳೂ ಕಡಿಮೆಯಿಲ್ಲ. ಕ್ಯಾರಿಯರ್‌ಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ನೆಗೆಟಿವ್ ಬಿಚ್ಚಲ್ಲ. ಟ್ರ್ಯಾಕ್ಟರ್ ಬ್ಯಾಟರಿಯಿಂದ ಜಂಪ್ ಕೊಡುವಾಗ ಪ್ಲಸ್ಸು ಮೈನಸ್ಸು ಅದಲುಬದಲು ಮಾಡ್ತೀವಿ. ಹಾರ್ನು, ಹೆಚ್ಚಿನ ಲೈಟು, ಡಿಜೆ ಬಾಕ್ಸಿಗೆ ಅಂತ ಒಳ್ಳೇ ವೈರ್ ಸುಲಿದು ಟೇಪ್ ಸುತ್ತುತೀವಿ. ಆಲ್ಟರ್ನೇಟರ್ ಚೆಕ್ ಮಾಡೋಕೆ ಓಡುವ ಇಂಜಿನ್‌ನಲ್ಲಿ ಬ್ಯಾಟರಿ ಟರ್ಮಿನಲ್ ಕೀಳೋದು ಇನ್ನೂ ಎಷ್ಟೋ ಕಡೆ ನಡೆಯುತ್ತೆ. ಹಳೇ ಟ್ರ್ಯಾಕ್ಟರ್ ಅದನ್ನು ತಡ್ಕೊಂಡಿತು. ಈಗಿನ ಗಾಡಿಯಲ್ಲಿ ವೋಲ್ಟೇಜ್ ಒಮ್ಮೆಲೇ ಎಗರಿ ಇಸಿಯು ಸುಟ್ಟುಹೋಗಬಹುದು. ಇದೆಲ್ಲ ಮಾಡಿ ಸರ್ವಿಸ್ ಹುಡುಗನ ಮೇಲೆ ಹಾಕಿದರೆ ನ್ಯಾಯವಾಗಲ್ಲ.

ಅಲ್ಲಿ ಹೋಗಿ ಏನು ಮಾತಾಡಬೇಕು?

ಕೂಗಾಡಬೇಡಿ, ಹೆದರಲೂಬೇಡಿ. ನಾಲ್ಕು ಮಾತು ಸಾಕು.

"ಸರ್ವಿಸ್‌ಗೆ ಮುಂಚೆ ಈ ದೀಪ ಇರಲಿಲ್ಲ, ನೋಡಿ ವಿಡಿಯೊ."

"ಅವತ್ತು ಬಿಚ್ಚಿದ್ದನ್ನೆಲ್ಲ ನನ್ನ ಎದುರಿಗೆ ಒಂದ್ಸಲ ನೋಡಿಬಿಡಿ."

"ಪಾರ್ಟೇ ಹೋಗಿದೆ ಅಂದರೆ ಯಾವ ಟೆಸ್ಟ್‌ನಿಂದ ಗೊತ್ತಾಯ್ತು ಅಂತ ಜಾಬ್ ಕಾರ್ಡ್‌ನಲ್ಲಿ ಬರೆಯಿರಿ."

"ಹೊಸದು ಹಾಕಿದರೆ ಹಳೇದನ್ನು ನನ್ನ ಕೈಗೆ ಕೊಡಿ."

ಈ ನಾಲ್ಕು ಮಾತು ಕೇಳಿದ ಮೇಲೆ ಒಳ್ಳೇ ವರ್ಕ್‌ಶಾಪ್‌ನವರು ಖುಷಿಯಿಂದಲೇ ನೋಡ್ತಾರೆ. ಗಾಡಿ ವಾರಂಟಿಯಲ್ಲಿದ್ದರೆ ನೀವಾಗಿ ವೈರ್ ಕತ್ತರಿಸೋದು, ಹೊರಗೆ ರಿಪೇರಿ ಮಾಡಿಸೋದು ಬೇಡ. ಕಪ್ಲರ್ ಒತ್ತಿ ನೋಡಿ, ಫೋಟೊ ತೆಗೆದು, ಮಿಕ್ಕಿದ್ದು ಅವರಿಗೇ ಬಿಡಿ.

ಯಾವುದಕ್ಕೂ ಬಗ್ಗದವರು ಸಿಕ್ಕರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಅರ್ಜಿ ಶುಲ್ಕ ಇಲ್ಲ. ಎಲ್ಲರೂ ಕೋರ್ಟು ಹತ್ತಿ ಅಂತ ಹೇಳ್ತಿಲ್ಲ. ಆದರೆ ವಿಡಿಯೊ, ಜಾಬ್ ಕಾರ್ಡ್ ಫೋಟೊ, ವಾಟ್ಸಾಪ್ ಮೆಸೇಜು ಇದ್ದವನ ಮಾತಿಗೆ ತೂಕ ಇರುತ್ತೆ. ಆ ತೂಕ ಇದ್ದರೆ ಹೆಚ್ಚಾಗಿ ಅಲ್ಲಿವರೆಗೆ ಹೋಗೋ ಅಗತ್ಯವೇ ಬರಲ್ಲ.

ಇದು ಟ್ರ್ಯಾಕ್ಟರ್‌ಗೂ ಬಂತು

"ನನ್ನ ಹತ್ತಿರ ಕಾರೂ ಇಲ್ಲ, ಪಿಕಪ್ಪೂ ಇಲ್ಲ, ನನಗ್ಯಾಕೆ ಇದೆಲ್ಲ" ಅಂತ ಓದುವವರು ಇರಬಹುದು. 2023ರ ಜನವರಿಯಿಂದ 50 ಎಚ್‌ಪಿ ಮೇಲ್ಪಟ್ಟ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ಹೊಗೆ ನಿಯಮ ಬಂದಿದೆ. ಆದ್ದರಿಂದ ಅವುಗಳಲ್ಲೂ ಸೆನ್ಸರು, ಇಸಿಯು, ಕಪ್ಲರ್ ಬಂದಿವೆ. ಉಳುಮೆ ನಡುವೆ, ಮಳೆ ಬೀಳೋ ಮುಂಚೆ ಟ್ರ್ಯಾಕ್ಟರ್ ದೀಪ ಹತ್ತಿಸಿ ನಿಂತರೆ ಬರೀ 60 ರೂಪಾಯಿ ಲೆಕ್ಕ ಅಲ್ಲ, ಒಂದು ಹಂಗಾಮಿನ ಲೆಕ್ಕ. ನಮ್ಮ ಅಪ್ಪಂದಿರು ಇಂಜಿನ್ ಸದ್ದು ಕೇಳಿಯೇ ರೋಗ ಹೇಳ್ತಿದ್ದರು. ನಾವು ಕೋಡ್ ಓದೋದು ಕಲಿಯಬೇಕು.

ಮುಂದಿನ ಸಲ ಗಾಡಿ ಸರ್ವಿಸ್‌ಗೆ ಬಿಡುವಾಗ ಅರ್ಧ ನಿಮಿಷದ ಆ ವಿಡಿಯೊ ತೆಗೆಯೋದನ್ನು ಮರೀಬೇಡಿ. ತಂದ ಮೇಲೆ ದೀಪ ಹತ್ತಿದರೆ ಮೊದಲು ಬಾನೆಟ್ ಎತ್ತಿ, ಆಮೇಲೆ ಫೋನ್ ಎತ್ತಿ. ಹಾಗೇ ಶೆಡ್‌ನಲ್ಲಿ ಗಾಡಿ ಪಕ್ಕ ಕಡಲೆಕಾಯಿ ಮೂಟೆ ಇದ್ದರೆ ಇವತ್ತೇ ಬೇರೆ ಕಡೆ ಇಡಿ.